ಸಿಸ್ಟಂ ಟೂಲ್ಸ್ ಕಾಣೆಯಾದರೆ ಫಾರ್ಮ್ಯಾಟ್ ಮಾಡಿಸಬೇಡಿ

ಮೂಡಿಗೆರೆಯದೋ ಸಕಲೇಶಪುರದ್ದೋ ಎಸ್ಟೇಟ್ ಆಫೀಸು ಅಂದುಕೊಳ್ಳಿ. ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪಟ್ಟಿ), ಟ್ಯಾಲಿ ಲೆಕ್ಕ, ನುಡಿ ತಂತ್ರಾಂಶದಲ್ಲಿ ಬರೆದ ಪತ್ರಗಳೆಲ್ಲ ಒಂದೇ ವಿಂಡೋಸ್ 7 ಕಂಪ್ಯೂಟರಿನಲ್ಲಿವೆ. ಒಂದು ದಿನ ನೋಡಿದರೆ ಸ್ಟಾರ್ಟ್ ಮೆನುವಿನ ಆಕ್ಸೆಸರೀಸ್ ಒಳಗಿನ ಸಿಸ್ಟಂ ಟೂಲ್ಸ್ ಪಟ್ಟಿ ಖಾಲಿ. ಇಷ್ಟಕ್ಕೇ ಫಾರ್ಮ್ಯಾಟ್ ಮಾಡಿಸಿ ಲೆಕ್ಕ ಕಳೆದುಕೊಳ್ಳುವುದು ಬೇಡ. ಹೋಗಿರುವುದು ಹೆಚ್ಚಾಗಿ ಶಾರ್ಟ್‌ಕಟ್ ಮಾತ್ರ; ಟೂಲ್‌ಗಳು ವಿಂಡೋಸ್ ಫೋಲ್ಡರಿನ ಸಿಸ್ಟಂ32ರಲ್ಲೇ ಇರುತ್ತವೆ.

ಪರೀಕ್ಷೆ ಸುಲಭ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ತೆರೆಯುವ ರನ್ ಪೆಟ್ಟಿಗೆಯಲ್ಲಿ ಎಂಎಸ್‌ಇನ್ಫೋ32 (msinfo32) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ಜಾಗ ಬಿಡದೆ ಟೈಪ್ ಮಾಡಿ, ಎಂಟರ್ ಒತ್ತಿ. ಸಿಸ್ಟಂ ಇನ್ಫರ್ಮೇಶನ್ ತೆರೆದರೆ ಆ ಟೂಲ್ ಕ್ಷೇಮ. ಬೇಡದ ಫೈಲ್‌ಗಳನ್ನು ಅಳಿಸುವ ಡಿಸ್ಕ್ ಕ್ಲೀನಪ್ಪನ್ನು ಮಾತ್ರ ಈಗಲೇ ಓಡಿಸಬೇಡಿ. ಕಾರಣವಿದೆ.

2011ರ ಸುಮಾರಿಗೆ ಹಬ್ಬಿದ, ಹಾರ್ಡ್ ಡಿಸ್ಕ್ ಕೆಟ್ಟಿದೆ ಎಂದು ಹೆದರಿಸಿ ದುಡ್ಡು ಕೇಳುವ ನಕಲಿ ರಿಪೇರಿ ವೈರಸ್‌ಗಳು ಶಾರ್ಟ್‌ಕಟ್‌ಗಳನ್ನು ಅಳಿಸುತ್ತಿರಲಿಲ್ಲ, ತಾತ್ಕಾಲಿಕ ಫೈಲ್‌ಗಳ ಟೆಂಪ್ ಫೋಲ್ಡರಿಗೆ ಸಾಗಿಸುತ್ತಿದ್ದವು. ಡಿಸ್ಕ್ ಕ್ಲೀನಪ್ ಗುಡಿಸುವುದು ಅದೇ ಟೆಂಪನ್ನು! ಹಾಗಾಗಿ ಮೊದಲು ಆಂಟಿವೈರಸ್‌ನಿಂದ ವೈರಸ್ ತೆಗೆಯಿರಿ. ಫೋಲ್ಡರ್ ಆಪ್ಶನ್ಸ್‌ನ ವ್ಯೂ ಟ್ಯಾಬಿನಲ್ಲಿ ಹಿಡನ್ ಫೈಲ್‌ಗಳು ಕಾಣುವಂತೆ ಮಾಡಿ, ರನ್‌ನಲ್ಲಿ %ಟೆಂಪ್% (%temp%) ಕೊಟ್ಟು 'ಎಸ್‌ಎಂಟಿಎಂಪಿ' (smtmp) ಎಂಬ ಫೋಲ್ಡರ್ ಹುಡುಕಿ. ಅದರೊಳಗೆ 1 ಎಂಬುದು ಸ್ಟಾರ್ಟ್ ಮೆನು, 2 ಕ್ವಿಕ್ ಲಾಂಚ್, 3 ಟಾಸ್ಕ್‌ಬಾರ್, 4 ಡೆಸ್ಕ್‌ಟಾಪ್. ಸಿಕ್ಕರೆ ರನ್‌ನಲ್ಲಿ 'ಶೆಲ್:ಕಾಮನ್ ಸ್ಟಾರ್ಟ್ ಮೆನು' (shell:common start menu) ಕೊಟ್ಟು, ತೆರೆದ ಫೋಲ್ಡರಿಗೆ 1ರ ಒಳಗಿರುವುದನ್ನೆಲ್ಲ ಕಾಪಿ ಮಾಡಿ.

ಸಿಗದಿದ್ದರೆ, ಯಾವುವು ಕಾಣೆಯಾಗಿವೆ ನೋಡಿ. ಈ ಪಟ್ಟಿ ಎರಡು ಕಡೆಯಿಂದ ಕೂಡಿ ಬರುತ್ತದೆ. ಕಂಪ್ಯೂಟರ್, ಕಂಟ್ರೋಲ್ ಪ್ಯಾನೆಲ್‌ನಂಥವು ಆಯಾ ಬಳಕೆದಾರರ ಫೋಲ್ಡರಿನವು. ಡಿಸ್ಕ್ ಕ್ಲೀನಪ್, ಡಿಫ್ರಾಗ್, ಸಿಸ್ಟಂ ರಿಸ್ಟೋರ್, ಟಾಸ್ಕ್ ಶೆಡ್ಯೂಲರ್ ಎಲ್ಲರಿಗೂ ಸೇರಿದ ಪ್ರೋಗ್ರಾಂಡೇಟಾ ಫೋಲ್ಡರಿನವು. ಇನ್ನೊಂದು ವಿಂಡೋಸ್ 7 ಕಂಪ್ಯೂಟರ್ ಹತ್ತಿರದಲ್ಲಿದ್ದರೆ, ಅಲ್ಲಿ ರನ್‌ನಿಂದ 'ಶೆಲ್:ಕಾಮನ್ ಪ್ರೋಗ್ರಾಂಸ್' (shell:common programs) ತೆರೆದು, ಆಕ್ಸೆಸರೀಸ್ ಒಳಗಿನ ಸಿಸ್ಟಂ ಟೂಲ್ಸನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದು ಇಲ್ಲಿ ಅದೇ ಜಾಗದಲ್ಲಿಡಿ. ಹಳೆಯ ವಿಂಡೋಸ್ ಎಕ್ಸ್‌ಪಿಯದನ್ನು ತಂದರೆ ಆಗದು: ಅದರ ಡಿಫ್ರಾಗ್ ಬೇರೆ, ಸಿಸ್ಟಂ ರಿಸ್ಟೋರ್ ಇರುವ ಜಾಗವೂ ಬೇರೆ.

ಕೈಯಾರೆ ಮಾಡುವುದಾದರೆ ಡೆಸ್ಕ್‌ಟಾಪಿನಲ್ಲಿ ರೈಟ್ ಕ್ಲಿಕ್, ನ್ಯೂ, ಶಾರ್ಟ್‌ಕಟ್. ವಿಳಾಸಕ್ಕೆ %ವಿನ್‌ಡಿರ್%\ಸಿಸ್ಟಂ32\ (%windir%\system32\) ಬರೆದು ಮುಂದೆ ಟೂಲಿನ ಹೆಸರು: ಡಿಸ್ಕ್ ಕ್ಲೀನಪ್ಪಿಗೆ ಕ್ಲೀನ್‌ಎಂಜಿಆರ್.ಇಎಕ್ಸ್‌ಇ (cleanmgr.exe), ಡಿಫ್ರಾಗಿಗೆ ಡಿಎಫ್‌ಆರ್‌ಜಿಯುಐ.ಇಎಕ್ಸ್‌ಇ (dfrgui.exe), ಸಿಸ್ಟಂ ರಿಸ್ಟೋರಿಗೆ ಆರ್‌ಎಸ್‌ಟಿಆರ್‌ಯುಐ.ಇಎಕ್ಸ್‌ಇ (rstrui.exe). ಈ ಶಾರ್ಟ್‌ಕಟ್ಟನ್ನು ಮೇಲೆ ಹೇಳಿದ ಪ್ರೋಗ್ರಾಂಡೇಟಾದ ಸಿಸ್ಟಂ ಟೂಲ್ಸ್ ಫೋಲ್ಡರಿಗೆ ಕಟ್ ಮಾಡದೆ ಕಾಪಿಯನ್ನೇ ಮಾಡಿ. ಕಾಪಿ ಹೊಸ ಫೋಲ್ಡರಿನ ಅನುಮತಿ ಪಡೆಯುತ್ತದೆ, ಎಸ್ಟೇಟಿನ ರೈಟರ್ (ಗುಮಾಸ್ತರು) ತಮ್ಮ ಲಾಗಿನ್‌ನಿಂದ ಬಂದರೂ ಕಾಣುತ್ತದೆ. ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳಿದಾಗ ಕಂಟಿನ್ಯೂ ಒತ್ತಿ.

ಅಡ್ಮಿನಿಸ್ಟ್ರೇಟಿವ್ ಟೂಲ್ಸ್ ಕಾಣದಿದ್ದರೆ ಇಷ್ಟೆಲ್ಲ ಬೇಕಿಲ್ಲ. ಟಾಸ್ಕ್‌ಬಾರ್ ಪ್ರಾಪರ್ಟೀಸ್, ಸ್ಟಾರ್ಟ್ ಮೆನು, ಕಸ್ಟಮೈಸ್. ಪಟ್ಟಿಯ ಕೊನೆಯ ಕಡೆ ಅದನ್ನು ತೋರಿಸುವ ಆಯ್ಕೆಯಿದೆ.

ರನ್‌ನಿಂದಲೂ ಟೂಲ್ ತೆರೆಯದಿದ್ದರೆ ಫೈಲೇ ಕೆಟ್ಟಿರಬಹುದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಡಿಸ್ಕ್ ಬರೆಯುತ್ತಿರುವಾಗಲೇ ನಿಂತರೆ ಹೀಗಾಗಬಹುದು. ಲೆಕ್ಕವನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡು, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಕೆಟ್ಟ ಸಿಸ್ಟಂ ಫೈಲ್‌ಗಳನ್ನು ಹುಡುಕಿ ಸರಿಪಡಿಸುವ 'ಎಸ್‌ಎಫ್‌ಸಿ /ಸ್ಕ್ಯಾನ್‌ನೌ' (sfc /scannow) ಓಡಿಸಿ. ನೂರಕ್ಕೆ ನೂರು ಮುಗಿಯುವವರೆಗೆ ಯುಪಿಎಸ್ ಮೇಲೇ ಇರಲಿ.