ನಿಮ್ಮ ಸೆಪ್ಟಿಕ್ ಟ್ಯಾಂಕಿಗೂ ಒಂದು ನೋಟ್‌ಬುಕ್ ಇಡಿ

'ನಮ್ಮನೆ ಗುಂಡಿ ಇಪ್ಪತ್ತು ವರ್ಷ ಆದ್ರೂ ತುಂಬಿಲ್ಲ ನೋಡ್ರೀ.' ದಾವಣಗೆರೆ, ಚಿತ್ರದುರ್ಗದ ಕಡೆ ಹೀಗೆ ಹೆಮ್ಮೆಯಿಂದ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಐದಾರು ಜನ ದಿನಾ ಬಳಸುವ ಗುಂಡಿ ತುಂಬುತ್ತಲೇ ಇಲ್ಲ ಅಂದರೆ ಒಳಗೆ ಹೋದದ್ದು ಎಲ್ಲಿಗೋ ಹೋಗುತ್ತಿದೆ ಅಂತಲೇ ಅಲ್ವಾ? ಒಂದೋ ತಳಕ್ಕೆ ಕಾಂಕ್ರೀಟ್ ಹಾಕಿಲ್ಲ, ಇಲ್ಲವೇ ಗೋಡೆ ಬಿರುಕು ಬಿಟ್ಟಿದೆ. ಅಂಥ ಮನೆಯಲ್ಲಿ ಕುಡಿಯಲು ಬೋರ್‌ವೆಲ್ ನೀರನ್ನೇ ನಂಬಿದ್ದರೆ ಚಿಂತೆ ಮಾಡಬೇಕಾದ ವಿಷಯವಿದು.

ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕಿನಲ್ಲಿ ನೀರು ಯಾವಾಗಲೂ ತುಂಬೇ ಇರುತ್ತದೆ. ಹೊರಗೆ ಹೋಗುವ ಪೈಪಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಒಂದು ಚೊಂಬು ಒಳಗೆ ಹೋದರೆ ಒಂದು ಚೊಂಬು ಹೊರಗೆ, ಇಂಗುಗುಂಡಿಗೆ ಹೋಗುತ್ತದೆ. ತಳದಲ್ಲಿ ಹೂಳು ಕೂರುತ್ತದೆ, ಮೇಲೆ ಜಿಡ್ಡು ತೇಲುತ್ತದೆ, ನಡುವಿನ ತಿಳಿ ಮಾತ್ರ ಹೊರಗೆ ಹರಿಯುತ್ತದೆ. ವರ್ಷದಿಂದ ವರ್ಷಕ್ಕೆ ಹೆಚ್ಚುವುದು ಹೂಳು. ಅದು ಎಷ್ಟಿದೆ ಎಂದು ಮುಚ್ಚಳದ ಮೇಲೆ ನಿಂತು ಹೇಳಲು ಯಾರಿಗೂ ಆಗುವುದಿಲ್ಲ. ಅಳೆಯಬೇಕು, ಅಳೆದದ್ದನ್ನು ಬರೆದಿಡಬೇಕು. ಒಂದು ನೂರು ಪುಟದ ನೋಟ್‌ಬುಕ್, ಅಳತೆ ಕೋಲಾಗಿ ಹತ್ತಡಿಯ ಪೈಪ್, ಒಂದಿಷ್ಟು ಬಿಳಿ ಬಟ್ಟೆ, ಒಂದು ಟೇಪು. ಇಷ್ಟು ಸಾಕು.

ಮೊದಲ ಪುಟ: ಎಲ್ಲಿದೆ, ಎಷ್ಟಿದೆ

ಹೂಳು ಹೀರುವ ಸಕ್ಕಿಂಗ್ ಗಾಡಿ ಬಂದು ನಿಂತ ಮೇಲೆ 'ಸಾರ್, ಮುಚ್ಚಳ ಎಲ್ಲೈತ್ರೀ?' ಎಂದು ಡ್ರೈವರ್ ಕೇಳುವುದು, ಮನೆಯವರು ಮುಖ ಮುಖ ನೋಡಿಕೊಳ್ಳುವುದು ನಮ್ಮ ಬೀದಿಗಳಲ್ಲಿ ಮಾಮೂಲಿ. ಮೇಲೆ ಟೈಲ್ಸ್ ಹಾಕಿಸಿರುತ್ತಾರೆ. ಇಲ್ಲವೇ ಕಾರು ನಿಲ್ಲಿಸಲು ಕಾಂಕ್ರೀಟ್ ಸುರಿದಿರುತ್ತಾರೆ. ಕಟ್ಟಿದ ಮೇಸ್ತ್ರಿಯ ನಂಬರ್ ಹಳೇ ಫೋನಿನ ಜೊತೆ ಹೋಗಿರುತ್ತದೆ.

ಹಾಗಾಗಿ ಮೊದಲ ಪುಟದಲ್ಲಿ ನಕ್ಷೆ ಬರೆಯಿರಿ. ಚಂದ ಇರಬೇಕಿಲ್ಲ. ಮನೆಯ ಎರಡು ಮೂಲೆಗಳಿಂದ ಮುಚ್ಚಳದ ನಡುವಿಗೆ ಎಷ್ಟು ಅಡಿ ಎಂದು ಟೇಪು ಹಿಡಿದು ಬರೆಯಿರಿ. ಒಂದೇ ಅಳತೆ ಸಾಲದು. ಎರಡು ಮೂಲೆಗಳಿಂದ ಅಳೆದರೆ ಮಾತ್ರ ಜಾಗ ಕರಾರುವಾಕ್ಕಾಗಿ ಸಿಗುತ್ತದೆ. ಕಾಂಪೌಂಡು ಒಡೆದು ಕಟ್ಟಿಸುವವರಿದ್ದೀರಿ, ಆದ್ದರಿಂದ ಕಾಂಪೌಂಡಿನಿಂದ ಅಳೆಯಬೇಡಿ, ಮನೆ ಗೋಡೆಯಿಂದಲೇ ಅಳೆಯಿರಿ. ಇಂಗುಗುಂಡಿ, ಬೋರ್‌ವೆಲ್, ನೀರಿನ ಸಂಪು, ಪೈಪ್ ಹೋದ ದಾರಿ ಎಲ್ಲವೂ ಅದೇ ಹಾಳೆಯಲ್ಲಿರಲಿ. ಪಕ್ಕದ ಮನೆಯ ಗುಂಡಿ ಎಲ್ಲಿದೆ ಎಂಬುದನ್ನೂ ಕೇಳಿ ಗುರುತು ಹಾಕಿ. ಯಾಕೆ ಎಂಬುದು ಬೋರ್‌ವೆಲ್ ವಿಷಯಕ್ಕೆ ಬಂದಾಗ ತಿಳಿಯುತ್ತದೆ.

ಮುಂದಿನ ಸಾಲುಗಳಲ್ಲಿ ಟ್ಯಾಂಕಿನ ಉದ್ದ, ಅಗಲ, ನೀರಿನ ಆಳ. ಮೂರನ್ನೂ ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. 6 ಅಡಿ ಉದ್ದ, 4 ಅಡಿ ಅಗಲ, 4 ಅಡಿ ನೀರು ಇದ್ದರೆ ಸುಮಾರು 2,700 ಲೀಟರ್. ಐದು ಜನಕ್ಕೆ ಕಡಿಮೆ ಎಂದರೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ ಬೇಕು ಎಂಬುದು ಸರ್ಕಾರಿ ಕೈಪಿಡಿಯ ಅಳತೆ. ಅದೂ ಎರಡು ವರ್ಷಕ್ಕೊಮ್ಮೆ ಹೂಳು ತೆಗೆಸುವ ಲೆಕ್ಕದಲ್ಲಿ. ಒಳಗೆ ಎರಡು ಖಾನೆ ಇದೆಯೇ, ತಳಕ್ಕೆ ಕಾಂಕ್ರೀಟ್ ಹಾಕಿದೆಯೇ, ಒಳಬರುವ ಮತ್ತು ಹೊರಹೋಗುವ ಪೈಪಿಗೆ 'ಟೀ' (T ಆಕಾರದ ಪೈಪ್ ತುಂಡು) ಕೂರಿಸಿದೆಯೇ, ಇವನ್ನೂ ಬರೆಯಿರಿ. ಸಿಮೆಂಟ್ ರಿಂಗ್ ಇಳಿಸಿ ತಳ ಖಾಲಿ ಬಿಟ್ಟಿದ್ದರೆ ನಿಮ್ಮಲ್ಲಿರುವುದು ಸೆಪ್ಟಿಕ್ ಟ್ಯಾಂಕ್ ಅಲ್ಲ, ಬರೀ ಗುಂಡಿ. ಹಾಗೇ ಬರೆದುಕೊಳ್ಳಿ, ನಾಚಿಕೆ ಏನಿಲ್ಲ. ಊರಿನ ಅರ್ಧ ಜನ ಅದನ್ನೇ ಸೆಪ್ಟಿಕ್ ಟ್ಯಾಂಕ್ ಎನ್ನುತ್ತಾರೆ.

ಈಗ ಮನೆ ಕಟ್ಟಿಸುತ್ತಿರುವವರು ಎರಡು ಕೆಲಸ ಮಾಡಿ. ಮೇಲಿನ ಸ್ಲ್ಯಾಬ್ ಹಾಕುವ ಮೊದಲು ಒಳಗಿನದೆಲ್ಲ ಫೋಟೊ ತೆಗೆದಿಡಿ. ಮೊದಲ ಖಾನೆಯ ಮೇಲೆ ನಾಲ್ಕು ಇಂಚಿನ ಪಿವಿಸಿ ಪೈಪ್ ನಿಲ್ಲಿಸಿ ತಿರುಗಿಸುವ ಮುಚ್ಚಳ ಹಾಕಿಸಿ. ಕೆಲವೇ ನೂರು ರೂಪಾಯಿ ಕೆಲಸ. ಆಮೇಲೆ ಪ್ರತಿಸಲ ಅಳೆಯಲು ಚಪ್ಪಡಿ ಎತ್ತಬೇಕಿಲ್ಲ.

ಕೋಲು ಇಳಿಸುವ ಮೊದಲು

ಟ್ಯಾಂಕಿನೊಳಗೆ ಯಾರೂ ಇಳಿಯಬಾರದು. ಬಗ್ಗಿ ತಲೆ ಹಾಕಿ ನೋಡಲೂ ಬಾರದು. ಒಳಗಿನ ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಮನುಷ್ಯ ಕುಸಿದು ಬೀಳುತ್ತಾನೆ. ಕಾಪಾಡಲು ಇಳಿದವರೂ ಅಲ್ಲೇ ಹೋಗುತ್ತಾರೆ. ಮೀಥೇನ್ ಕೂಡ ಇರುವುದರಿಂದ ಬೀಡಿ, ಬೆಂಕಿಕಡ್ಡಿ ಹತ್ತಿರ ತರಬೇಡಿ. ಮುಚ್ಚಳ ತೆಗೆದು ಅರ್ಧ ಗಂಟೆ ದೂರ ಇರಿ. ಒಬ್ಬರೇ ಈ ಕೆಲಸ ಮಾಡಬೇಡಿ. ಮಕ್ಕಳು ಮನೆಯೊಳಗಿರಲಿ. ಚಪ್ಪಡಿ ಭಾರ ಇದ್ದರೆ, ಹಳೆಯದಾಗಿ ಬಿರುಕು ಬಿಟ್ಟಿದ್ದರೆ, ನೀವು ಕೈ ಹಾಕದೆ ಪ್ಲಂಬರ್ ಕರೆಸಿ.

ಇನ್ನು ಅಳೆಯುವ ಬಗೆ. ಪೈಪಿನ ಕೆಳಗಿನ ಮೂರಡಿಗೆ ಬಿಳಿ ಬಟ್ಟೆ ಬಿಗಿಯಾಗಿ ಸುತ್ತಿ ಕಟ್ಟಿ. ಕೈಗೆ ರಬ್ಬರ್ ಗ್ಲೌಸ್ ಹಾಕಿ. ನಿಂತುಕೊಂಡೇ, ಮೊದಲ ಖಾನೆಗೆ ನಿಧಾನವಾಗಿ ತಳ ತಾಗುವವರೆಗೆ ಇಳಿಸಿ. ಎರಡು ಮೂರು ನಿಮಿಷ ಹಾಗೇ ಹಿಡಿಯಿರಿ. ಅಲ್ಲಾಡಿಸದೆ ಮೇಲೆತ್ತಿ. ಬಟ್ಟೆಯ ಕೆಳಭಾಗ ಕಪ್ಪಗೆ ಮೆತ್ತಿಕೊಂಡಿರುತ್ತದೆ. ಅದರ ಎತ್ತರವೇ ಹೂಳು. ಪೈಪ್ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅದು ನೀರಿನ ಆಳ. ಎರಡನ್ನೂ ಇಂಚಿನಲ್ಲಿ ಬರೆಯಿರಿ. ಬಟ್ಟೆ ಎಸೆಯಿರಿ, ಪೈಪನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು ಗುರುತು ಹಾಕಿ ಬೇರೆಯೇ ಇಡಿ. ಆ ಪೈಪಿನಿಂದ ಯಾರೋ ಮಾವಿನಕಾಯಿ ಉದುರಿಸುವುದು ಬೇಡ.

ನೋಟ್‌ಬುಕ್ಕಿನಲ್ಲಿ ಒಂದು ಸಾಲು ಹೀಗಿರಬಹುದು: 'ಏಪ್ರಿಲ್ 10. ಮನೆಯಲ್ಲಿ ಜನ 5. ನೀರು 48 ಇಂಚು, ಪೈಪಿನ ಮಟ್ಟಕ್ಕೆ ಸರಿ. ಹೂಳು 5 ಇಂಚು. ಜಿಡ್ಡು ತೆಳು. ಗಾಳಿ ಪೈಪಿನ ಜಾಲರಿ ಹರಿದಿದೆ, ಹಾಕಿಸಬೇಕು.'

ಒಂದು ಸಾಲಿನಿಂದ ಏನೂ ತಿಳಿಯುವುದಿಲ್ಲ. ಎರಡನೇ ವರ್ಷದ ಸಾಲು ಬಂದಾಗ ಲೆಕ್ಕ ಮಾತಾಡಲು ಶುರು ಮಾಡುತ್ತದೆ. ಹೂಳು ನೀರಿನ ಆಳದ ಮೂರನೇ ಒಂದು ಭಾಗಕ್ಕೆ ಬಂದರೆ ತೆಗೆಸಬೇಕು. 48 ಇಂಚು ನೀರಿರುವ ಟ್ಯಾಂಕಿಗೆ ಅದು 16 ಇಂಚು. ಮೊದಲ ವರ್ಷ 5, ಎರಡನೇ ವರ್ಷ 11 ಎಂದರೆ ಮೂರನೇ ವರ್ಷ ಗಾಡಿ ಕರೆಸಲೇಬೇಕು. ಹೂಳು ಹೆಚ್ಚಾಗಲು ಬಿಟ್ಟರೆ ಅದು ಇಂಗುಗುಂಡಿಗೆ ಹೋಗಿ ಮಣ್ಣಿನ ಸಂದುಗಳನ್ನೆಲ್ಲ ಮುಚ್ಚುತ್ತದೆ. ಟ್ಯಾಂಕ್ ಖಾಲಿ ಮಾಡಿಸುವುದು ಒಂದು ದಿನದ ಖರ್ಚು. ಇಂಗುಗುಂಡಿ ಹೊಸದಾಗಿ ತೋಡಿಸುವುದು ಹಾಗಲ್ಲ.

ಜನರ ಸಂಖ್ಯೆಯನ್ನು ಪ್ರತಿಸಲ ಬರೆಯಲು ಹೇಳಿದ್ದಕ್ಕೆ ಕಾರಣವಿದೆ. ದಾವಣಗೆರೆ ಕಾಲೇಜುಗಳ ಊರು. ಐದು ಜನಕ್ಕೆಂದು ಕಟ್ಟಿದ ಮನೆಯ ಮೇಲೆ ಎರಡು ರೂಮ್ ಎಬ್ಬಿಸಿ ನಾಲ್ಕು ಹುಡುಗರಿಗೆ ಬಾಡಿಗೆಗೆ ಕೊಡುತ್ತಾರೆ. ಬಾಡಿಗೆ ಲೆಕ್ಕ ಎಲ್ಲರೂ ಬರೆದಿಡುತ್ತಾರೆ, ಕೆಳಗಿನ ಟ್ಯಾಂಕಿನ ಲೆಕ್ಕ ಮಾತ್ರ ಹಳೆಯದೇ. ಜನ ಹೆಚ್ಚಾದ ವರ್ಷ ಹೂಳು ಎಷ್ಟು ಬೇಗ ಏರಿತು ಎಂದು ನೋಟ್‌ಬುಕ್ ನೋಡಿದರೆ ಗೊತ್ತಾಗುತ್ತದೆ.

ನೀರಿನ ಮಟ್ಟ ನೋಡಿ ತಿಳಿಯುವುದು

ಹೂಳಿಗಿಂತ ಜಾಸ್ತಿ ವಿಷಯ ತಿಳಿಸುವುದು ನೀರಿನ ಮಟ್ಟ. ಅದು ಹೊರಹೋಗುವ ಪೈಪಿನ ತಳಕ್ಕೆ ಸರಿಯಾಗಿದ್ದರೆ ಎಲ್ಲ ಸರಿ.

ನೀರು ಆ ಪೈಪನ್ನು ಮುಳುಗಿಸಿ ಮೇಲೆ ನಿಂತಿದ್ದರೆ ಮುಂದೆ ಎಲ್ಲೋ ತಡೆಯಿದೆ. ಪೈಪಿನಲ್ಲಿ ಬಟ್ಟೆ, ಸ್ಯಾನಿಟರಿ ಪ್ಯಾಡ್ ಸಿಕ್ಕಿರಬಹುದು. ಇಲ್ಲವೇ ಇಂಗುಗುಂಡಿ ನೀರು ಕುಡಿಯುತ್ತಿಲ್ಲ. ನಮ್ಮ ಎರೆಮಣ್ಣಿನ ಜಾಗಗಳಲ್ಲಿ ಇದು ಸಾಮಾನ್ಯ. ಎರೆಮಣ್ಣು ಒದ್ದೆಯಾದರೆ ಉಬ್ಬಿ ನೀರನ್ನು ಒಳಗೇ ಬಿಡುವುದಿಲ್ಲ. ಭದ್ರಾ ನಾಲೆಯ ಅಚ್ಚುಕಟ್ಟಿನ ಊರುಗಳಲ್ಲಂತೂ ಗದ್ದೆಗೆ ನೀರು ಬಿಟ್ಟಾಗ ನೆಲದ ನೀರೇ ಮೇಲೇರುತ್ತದೆ. ಆಗ ಇಂಗುಗುಂಡಿಯಲ್ಲಿ ಜಾಗವೇ ಇರುವುದಿಲ್ಲ. ನಾಲೆ ನೀರು ಬಂದ ದಿನ, ನಿಂತ ದಿನವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ತೊಂದರೆ ಟ್ಯಾಂಕಿನದೋ ನೆಲದ್ದೋ ಎಂದು ಬೇರೆ ಮಾಡಬಹುದು. ಸುಮ್ನೆ ಗಾಡಿ ಕರೆಸಿ ಖಾಲಿ ಮಾಡಿಸಿದರೆ ಅಂಥ ಕಡೆ ಕೆಲವೇ ದಿನಗಳಲ್ಲಿ ಮತ್ತೆ ಅದೇ ಕಥೆ.

ನೀರು ಪೈಪಿಗಿಂತ ಕೆಳಗಿದ್ದರೆ ಟ್ಯಾಂಕ್ ಸೋರುತ್ತಿದೆ. ಖಚಿತ ಮಾಡಿಕೊಳ್ಳಲು ಒಂದು ಸುಲಭ ದಾರಿ: ಎರಡು ದಿನ ಮನೆ ಬೀಗ ಹಾಕಿ ಊರಿಗೆ ಹೋಗುವಾಗ ಮಟ್ಟ ಅಳೆದು ಹೋಗಿ, ಬಂದ ಕೂಡಲೇ, ನಲ್ಲಿ ತಿರುಗಿಸುವ ಮೊದಲು, ಮತ್ತೆ ಅಳೆಯಿರಿ. ಇಳಿದಿದ್ದರೆ ಬಿರುಕು ಇದೆ. ಚಿತ್ರದುರ್ಗದ ಕಲ್ಲುನೆಲದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಂಡೆಯ ಸೀಳಿನಲ್ಲಿ ಇಳಿದ ಕೊಳಕು ನೀರು ಮಣ್ಣಿನಲ್ಲಿ ಸೋಸಿದ ಹಾಗೆ ಸೋಸುವುದಿಲ್ಲ. ಸೀಳು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಅದೂ ಹೋಗುತ್ತದೆ. ನಿಮ್ಮ ಬೋರ್‌ವೆಲ್ಲಿಗೆ ನೀರು ಬರುವುದೂ ಅಂಥ ಸೀಳುಗಳಿಂದಲೇ.

ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರ ಇರಬೇಕು ಎನ್ನುತ್ತದೆ ಭಾರತೀಯ ಮಾನಕ. ನಮ್ಮ 30–40 ಸೈಟಿನಲ್ಲಿ ಈ ಮೂಲೆಯಿಂದ ಆ ಮೂಲೆಗೆ ಅಡ್ಡಲಾಗಿ ಅಳೆದರೂ 50 ಅಡಿಯೇ. ನಿಮ್ಮದೇ ಗುಂಡಿ ದೂರ ಇದ್ದರೂ ಪಕ್ಕದವರದು ನಿಮ್ಮ ಬೋರ್‌ವೆಲ್ ಬುಡದಲ್ಲಿರಬಹುದು. ಹಾಗಾಗಿ ವರ್ಷಕ್ಕೊಮ್ಮೆ, ಮಳೆ ಶುರುವಾದ ಮೇಲೆ, ಬೋರ್‌ವೆಲ್ ನೀರಿನಲ್ಲಿ ರೋಗಾಣು ಇದೆಯೇ ಎಂದು ಪರೀಕ್ಷೆ ಮಾಡಿಸಿ. ಸಣ್ಣ ಸೀಸೆಯ ಕಿಟ್ ಸಿಗುತ್ತದೆ. ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಕಪ್ಪಾದರೆ ಪ್ರಯೋಗಾಲಯಕ್ಕೆ ಕಳಿಸಿ ನೈಟ್ರೇಟ್ ಕೂಡ ನೋಡಿಸಿ. ವರದಿಯನ್ನು ಅದೇ ನೋಟ್‌ಬುಕ್ಕಿಗೆ ಅಂಟಿಸಿ.

ಯಾವಾಗ ನೋಡಬೇಕು

ವರ್ಷಕ್ಕೊಮ್ಮೆ ಕೋಲು ಇಳಿಸಿದರೆ ಸಾಕು. ಯುಗಾದಿಯ ಹೊತ್ತು ಒಳ್ಳೆಯದು, ನೆಲ ಒಣಗಿರುತ್ತದೆ. ಹೂಳು ತೆಗೆಸಲು ದಾವಣಗೆರೆಯವರಿಗೆ ದೇವಿಯೇ ದಿನ ಗೊತ್ತು ಮಾಡಿದ್ದಾಳೆ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಟ್ಯಾಂಕಿಗೂ ಎರಡರಿಂದ ಮೂರು ವರ್ಷವೇ ಅವಧಿ. ಜಾತ್ರೆಗೆ ಮನೆ ತುಂಬ ನೆಂಟರು ಬರುತ್ತಾರೆ, ಬಳಕೆ ಒಮ್ಮೆಲೇ ಏರುತ್ತದೆ. ಸುಣ್ಣ ಬಣ್ಣ ಮಾಡಿಸುವಾಗಲೇ ಕೋಲು ಇಳಿಸಿ ನೋಡಿ, ಹೂಳು ನೀರಿನ ಆಳದ ಮೂರನೇ ಒಂದು ಭಾಗದ ಹತ್ತಿರ ಇದ್ದರೆ ಜಾತ್ರೆಗೆ ಮೊದಲೇ ಗಾಡಿ ಕರೆಸಿ. ಜಾತ್ರೆಯ ವಾರ ಗಾಡಿ ಸಿಗುವುದು ಕಷ್ಟ.

ಗಾಡಿ ಬಂದ ದಿನ

ಗಾಡಿ ನಂಬರ್, ಟ್ಯಾಂಕರ್ ಎಷ್ಟು ಲೀಟರಿನದು, ಎಷ್ಟು ಟ್ರಿಪ್, ಕೊಟ್ಟ ದುಡ್ಡು, ರಸೀದಿ, ಎಲ್ಲಿಗೆ ಒಯ್ದು ಸುರಿಯುತ್ತಾರೆ. ಈ ಆರೂ ಬರೆಯಿರಿ. ಕೊನೆಯದನ್ನು ಕೇಳಲು ಸಂಕೋಚ ಬೇಡ. ಹಳ್ಳಕ್ಕೋ ಕೆರೆ ಅಂಗಳಕ್ಕೋ ಸುರಿಯುವವರಾದರೆ ಬೇರೆಯವರನ್ನು ಕರೆಸಿ. ಪಾಲಿಕೆ ಅಥವಾ ನಗರಸಭೆಯ ಗಾಡಿಗೆ ಮೊದಲು ಕೇಳುವುದು ಒಳ್ಳೆಯದು. ಹಸಿ ಹೂಳನ್ನು ತರಕಾರಿ ಹೊಲಕ್ಕೆ ಹಾಕಿಸಿಕೊಳ್ಳುವ ರೈತರಿದ್ದಾರೆ, ಅದರಲ್ಲಿ ಹುಳುವಿನ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರುತ್ತವೆ.

ತಿಳಿ ನೀರು ಹೀರಿ ಹೂಳು ಅಲ್ಲೇ ಬಿಟ್ಟು ಹೋಗುವ ಗಾಡಿಗಳೂ ಇವೆ. ಎರಡೂ ಖಾನೆಗೆ ಪೈಪ್ ಹಾಕಿಸಿ. ಕೆಲಸ ಮುಗಿದ ಮೇಲೆ, ದುಡ್ಡು ಕೊಡುವ ಮೊದಲು, ಕೋಲು ಇಳಿಸಿ ನೋಡಿ. ತಳದಲ್ಲಿ ಗಟ್ಟಿಯಾಗಿದೆ, ಒಬ್ಬರು ಇಳಿದು ಕೆದಕಿದರೆ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಕೆಲಸ ಅಲ್ಲೇ ನಿಲ್ಲಿಸಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಳಿಸಿದ ಮನೆಯ ಯಜಮಾನನಿಗೂ ಇದು ಅನ್ವಯಿಸುತ್ತದೆ. ಗಟ್ಟಿಯಾದ ಹೂಳಿಗೆ ನೀರು ರಭಸವಾಗಿ ಬಿಟ್ಟು ಕಲಕಿ ಹೀರುವ ಜೆಟ್ಟಿಂಗ್ ಗಾಡಿ ಇದೆ.

ಪ್ಲಾಸ್ಟಿಕ್ ಟ್ಯಾಂಕ್ ಇದ್ದವರು ಮಳೆಗಾಲದಲ್ಲಿ ಖಾಲಿ ಮಾಡಿಸಬೇಡಿ. ಖಾಲಿ ಟ್ಯಾಂಕನ್ನು ನೆಲದ ನೀರು ಮೇಲಕ್ಕೆ ಎತ್ತಿಬಿಡುತ್ತದೆ, ಪೈಪೆಲ್ಲ ಕಿತ್ತು ಬರುತ್ತದೆ. ಬೇಸಿಗೆಯಲ್ಲಿ ತೆಗೆಸಿ, ಕೂಡಲೇ ನೀರು ತುಂಬಿಸಿ.

ಯುಜಿಡಿ ಬಂದರೆ

ನಿಮ್ಮ ಬೀದಿಗೆ ಯುಜಿಡಿ, ಅಂದರೆ ಒಳಚರಂಡಿ ಬಂದು ಜೋಡಣೆ ಪಡೆದರೆ, ಅನುಮತಿ ಪತ್ರ ಮತ್ತು ದುಡ್ಡು ಕಟ್ಟಿದ ರಸೀದಿಯನ್ನು ನೋಟ್‌ಬುಕ್ಕಿನಲ್ಲೇ ಇಡಿ. ಮನೆ ಮಾರುವಾಗ ಕೇಳುತ್ತಾರೆ. ಹಳೆಯ ಟ್ಯಾಂಕನ್ನು ಹಾಗೇ ಮುಚ್ಚಿ ಬಿಡಬೇಡಿ. ಪೂರ್ತಿ ಹೀರಿಸಿ, ಒಳಗೆ ಸುಣ್ಣ ಹಾಕಿಸಿ, ಮರಳು ಅಥವಾ ಗ್ರಾವಲ್ ತುಂಬಿಸಿ ಗಟ್ಟಿ ಮಾಡಿಸಿ. ಮೊದಲ ಪುಟದ ನಕ್ಷೆಯಲ್ಲಿ ಟ್ಯಾಂಕಿನ ಮೇಲೆ ಗೆರೆ ಎಳೆದು ತುಂಬಿಸಿದ ದಿನಾಂಕ ಬರೆಯಿರಿ, ಆದರೆ ಹಾಳೆ ಹರಿಯಬೇಡಿ. ಮುಂದೆ ಅಲ್ಲಿ ಪಿಲ್ಲರ್ ಎಬ್ಬಿಸಲು ಬರುವ ಮೇಸ್ತ್ರಿ ಕೇಳುವ ಮೊದಲ ಪ್ರಶ್ನೆ ಕೆಳಗೆ ಏನಿದೆ ಎಂಬುದೇ.