ಬೂಟಿನ ತಳಕ್ಕೂ ವಯಸ್ಸಾಗುತ್ತದೆ

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಮೋರೇರ ಗುಡ್ಡ ಇಳಿಯುವಾಗ ನನ್ನ ಬಲಗಾಲಿನ ಬೂಟು ಬಾಯಿ ಬಿಟ್ಟಿತು. ಹಿಮ್ಮಡಿ ಕಡೆಯಿಂದ ತಳ ಬಿಚ್ಚಿಕೊಂಡು, ಹೆಜ್ಜೆ ಇಟ್ಟಾಗಲೆಲ್ಲ ಚಟ್ ಚಟ್ ಅಂತ ಬಂಡೆಗೆ ಬಡಿಯುತ್ತಿತ್ತು. ಹತ್ತು ನಿಮಿಷಕ್ಕೆ ಎಡಗಾಲಿನದ್ದೂ ಅದೇ ದಾರಿ ಹಿಡಿಯಿತು. ಟವೆಲ್ ಹರಿದು, ಎರಡಕ್ಕೂ ಪಟ್ಟಿ ಕಟ್ಟಿ, ಕುಂಟುತ್ತಾ ಇಳಿದೆ. ಕೆಳಗೆ ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು ನೋಡಿ, "ಏನ್ರಿ, ಬೂಟಿಗೆ ಗಾಯ ಆಗೇತೇನು?" ಅಂದರು. ಅವರ ಕಾಲಲ್ಲಿ ಟೈರ್ ತಳದ ಚಪ್ಪಲಿ ಇತ್ತು.

ಆ ಬೂಟು ಕೊಂಡದ್ದು 2015ರಲ್ಲಿ, ಹಿಮಾಲಯದ ಚಾರಣಕ್ಕೆಂದು. ಒಳ್ಳೆಯ ದಪ್ಪ ಚರ್ಮ. ತಳ ಬಿಚ್ಚಿದ ದಿನವೂ ಚರ್ಮದ ಮೇಲೆ ಒಂದು ಬಿರುಕು ಇರಲಿಲ್ಲ. ಅದಕ್ಕೆ ಮೊದಲು ಕೊರೊನಾದ ಎರಡು ವರ್ಷ ಅದು ಟ್ರಂಕಿನಲ್ಲಿ ಬಿದ್ದಿತ್ತು. ಚೆನ್ನಾಗಿ ತೊಳೆದು, ಸರಿಯಾಗಿ ಒಣಗುವ ಮೊದಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿಟ್ಟವನು ನಾನೇ. ಕೆಲಸ ಕೆಟ್ಟದ್ದು ಅಲ್ಲೇ.

ಬೂಟನ್ನು ಎರಡು ವಸ್ತು ಅಂತ ನೋಡುವುದು ಒಳ್ಳೆಯದು. ಮೇಲಿನ ಚರ್ಮದ ಆಯಸ್ಸು ಬೇರೆ, ಕೆಳಗಿನ ತಳದ ಆಯಸ್ಸು ಬೇರೆ. ನೆಲಕ್ಕೆ ತಾಗುವ ರಬ್ಬರಿಗೂ ಚರ್ಮಕ್ಕೂ ನಡುವೆ ಮೆತ್ತನೆಯ ಪದರ ಒಂದಿರುತ್ತದೆ. ಎಷ್ಟೋ ಚರ್ಮದ ಬೂಟುಗಳಲ್ಲಿ ಅದು ಪಾಲಿಯುರಿಥೇನ್ ಫೋಮ್. ಭಾರ ಹೊರುವುದರಲ್ಲಿ ಇದು ಗಟ್ಟಿಗ. ಬೇರೆ ಬೂಟುಗಳಲ್ಲಿ ಬರುವ ಇವಿಎ ಫೋಮ್ ಹಗುರ, ಆದರೆ ನಡೆದಂತೆಲ್ಲ ಚಪ್ಪಟೆಯಾಗುತ್ತದೆ. ಪಾಲಿಯುರಿಥೇನ್ ಚಪ್ಪಟೆಯಾಗುವುದು ಕಡಿಮೆ, ಆದರೆ ಅದಕ್ಕೆ ಬೇರೆ ಕಾಯಿಲೆ ಇದೆ. ಗಾಳಿಯಲ್ಲಿರುವ ನೀರಿನಾವಿ ಒಳಗೆ ಸೇರಿ ಫೋಮಿನ ಬಂಧಗಳನ್ನು ಒಂದೊಂದಾಗಿ ಕಡಿಯುತ್ತದೆ. ಬಿಸಿ ಜಾಸ್ತಿ ಇದ್ದಷ್ಟೂ ಈ ಕೆಲಸ ಬೇಗ. ಸಾಮಾನ್ಯವಾಗಿ ಐದರಿಂದ ಹತ್ತು ವರ್ಷದಲ್ಲಿ ಅದು ಹಳೆಯ ಬೆಲ್ಲದ ಉಂಡೆಯ ಹಾಗೆ ಪುಡಿಪುಡಿ. ಒಂದು ಹೆಜ್ಜೆ ನಡೆಯದಿದ್ದರೂ ಅಷ್ಟೇ.

ಅದಕ್ಕೇ ಕೊಳ್ಳುವಾಗ ಮೊದಲ ಕೆಲಸ, ತಯಾರಾದ ದಿನಾಂಕ ನೋಡುವುದು. ಲೇಸಿನ ಕೆಳಗಿರುವ ನಾಲಿಗೆಯ ಒಳಗಿನ ಚೀಟಿಯಲ್ಲೋ ಡಬ್ಬಿಯ ಮೇಲೋ ಇರುತ್ತದೆ. ಅರ್ಧ ಬೆಲೆಗೆ ಸಿಕ್ಕಿತು ಅಂತ ಖುಷಿಪಟ್ಟ ಬೂಟು ಗೋದಾಮಿನಲ್ಲಿ ನಾಲ್ಕು ವರ್ಷ ಕೂತಿದ್ದರೆ, ನೀವು ಕೊಂಡದ್ದು ಉಳಿದ ಆಯಸ್ಸನ್ನು ಮಾತ್ರ. ನಾನೀಗ ದಿನಾಂಕವನ್ನು ಮಾರ್ಕರಿನಲ್ಲಿ ನಾಲಿಗೆಯ ಹಿಂಭಾಗದಲ್ಲಿ ಬರೆದಿಡುತ್ತೇನೆ. ಚೀಟಿಯ ಅಕ್ಷರ ಬೆವರಿಗೆ ಅಳಿಸಿ ಹೋಗುತ್ತದೆ.

ಅಳತೆ ನೋಡುವುದು ಸಂಜೆ ಹೊತ್ತಿಗೆ. ಹಗಲೆಲ್ಲ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ಗುಡ್ಡದಲ್ಲೂ ಹಾಗೇ ಊದುತ್ತದೆ. ದಪ್ಪ ಕಾಲುಚೀಲ ಹಾಕಿ, ಲೇಸ್ ಬಿಗಿದು, ಅಂಗಡಿಯ ಮೆಟ್ಟಿಲು ಇಳಿದು ನೋಡಿ. ಬೆರಳು ಮುಂದೆ ತಾಗಬಾರದು. ಹತ್ತುವಾಗ ಹಿಮ್ಮಡಿ ಏಳಬಾರದು. ಎರಡರಲ್ಲಿ ಒಂದು ತಪ್ಪಿದರೂ ಬೇಡ ಅನ್ನಿ. ಚರ್ಮ ಅಗಲಕ್ಕೆ ಸ್ವಲ್ಪ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ.

ನೀರು ತಡೆಯುವ ಪೊರೆ ಇರುವ ಬೂಟು ನಮ್ಮ ಕಡೆಗೆ ಬೇಕಾ? ನನ್ನ ಮಟ್ಟಿಗೆ ಬೇಡ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಆ ಪೊರೆ ಹೊರಗಿನ ನೀರನ್ನು ತಡೆಯುವುದಕ್ಕಿಂತ ಒಳಗಿನ ಬೆವರನ್ನು ಹಿಡಿದಿಡುವುದೇ ಹೆಚ್ಚು. ಬೆವರಿನ ಉಪ್ಪು ಒಳಗಿನಿಂದ ಚರ್ಮವನ್ನು ಬಿರುಸು ಮಾಡುತ್ತದೆ. ಕಾಲು ಮಡಿಯುವ ಜಾಗದಲ್ಲಿ ಪೊರೆ ಹೇಗೂ ಕೆಲವು ವರ್ಷಕ್ಕೆ ಸವೆದು ಸೋರುತ್ತದೆ. ಮಲೆನಾಡಿನವರಿಗೆ, ಹಿಮಾಲಯಕ್ಕೆ ಹೋಗುವವರಿಗೆ ಬೇರೆ ಲೆಕ್ಕ.

ಕಾಲಿಗೆ ಪಳಗಿಸುವುದು

ಪೂರ್ತಿ ಚರ್ಮದ ಬೂಟು ಮೊದಲ ದಿನ ಮರದ ಹಲಗೆಯ ಹಾಗಿರುತ್ತದೆ. ಹಗುರ ಪರ್ವತಾರೋಹಣಕ್ಕೆ ಮಾಡಿದ್ದಾದರೆ ಇನ್ನೂ ಬಿರುಸು, ಯಾಕೆಂದರೆ ಮುಂಗಾಲ ತುದಿಯ ಮೇಲೆ ನಿಂತಾಗ ಬಾಗದಿರಲಿ ಅಂತ ತಳದೊಳಗೆ ಗಟ್ಟಿ ಪಟ್ಟಿ ಇಟ್ಟಿರುತ್ತಾರೆ. ಮೊದಲ ವಾರ ಮನೆಯೊಳಗೆ ದಿನಕ್ಕೆ ಒಂದು ಗಂಟೆ. ಎರಡನೇ ವಾರ ಸಂತೆಗೆ, ಬಸ್ ಸ್ಟ್ಯಾಂಡಿಗೆ. ಮನೆಯವರು ನಗುತ್ತಾರೆ, ನಗಲಿ ಬಿಡಿ. ಆಮೇಲೆ ಚಿಕ್ಕ ಗುಡ್ಡ. ಕೊಪ್ಪಳದವರಿಗೆ ಪಾಲ್ಕಿಗುಂಡು ಇದೆ, ಅಶೋಕನ ಶಾಸನವನ್ನೂ ನೋಡಿ ಬಂದ ಹಾಗಾಯಿತು. ಬಳ್ಳಾರಿಯವರಿಗೆ ಕೋಟೆ ಗುಡ್ಡ. ಐದಾರು ಸಲ ಹತ್ತಿ ಇಳಿದ ಮೇಲೆ ಬೆರಳಿನ ಬುಡದಲ್ಲಿ ಚರ್ಮ ಮಡಿಯುವ ಗೆರೆ ಕಾಣುತ್ತದೆ. ಆ ಗೆರೆಯನ್ನು ನೆನಪಿಡಿ. ಮುಂದೆ ಬಿರುಕು ಬೀಳುವುದಿದ್ದರೆ ಮೊದಲು ಅಲ್ಲೇ.

ಬೇಗ ಮೆತ್ತಗಾಗಲಿ ಅಂತ ನೀರಲ್ಲಿ ನೆನೆಸಿ ಬಿಸಿಲಿಗಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ನಾರುಗಳು ಕುಗ್ಗುತ್ತವೆ, ಆಮೇಲೆ ಯಾವ ಎಣ್ಣೆಯೂ ಅದನ್ನು ವಾಪಸ್ ತರುವುದಿಲ್ಲ.

ಮೂರು ಜಿಲ್ಲೆ, ಮೂರು ಮಣ್ಣು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೂಟು ಹಾಳಾಗುವುದು ಎಲ್ಲಿ ನಡೆಯುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಕೊಪ್ಪಳ ಜಿಲ್ಲೆಯ ಗಂಗಾವತಿ, ಆನೆಗೊಂದಿ ಕಡೆ ಎಲ್ಲಾ ಗ್ರಾನೈಟ್. ಒಣ ಬಂಡೆಯ ಮೇಲೆ ರಬ್ಬರು ಅಂಟಿಕೊಂಡ ಹಾಗೆ ನಿಲ್ಲುತ್ತದೆ. ಆದರೆ ಆ ಬಂಡೆ ಉಪ್ಪು ಕಾಗದದ ಹಾಗೆ, ತಳವನ್ನು ತೇಯುತ್ತಲೇ ಇರುತ್ತದೆ. ಮೆತ್ತನೆ ರಬ್ಬರು ಹಿಡಿತ ಕೊಡುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳುತ್ತದೆ, ಜಾರುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಬೆಟ್ಟದ ಬೂಟಿಗೆ ಹಲ್ಲು ಹಲ್ಲಿನ ರಬ್ಬರ್ ತಳ ಬಂದದ್ದಕ್ಕೂ ಒಂದು ದುಃಖದ ಹಿನ್ನೆಲೆ ಇದೆ. 1935ರಲ್ಲಿ ಇಟಲಿಯ ವಿತಾಲೆ ಬ್ರಮಾನಿ ಎಂಬ ಪರ್ವತಾರೋಹಿಯ ಆರು ಜೊತೆಗಾರರು ಆಲ್ಪ್ಸ್‌ನಲ್ಲಿ ಕೆಟ್ಟ ಹವೆಗೆ ಸಿಕ್ಕಿ ಸತ್ತರು. ಕಾಲಿಗೆ ತಕ್ಕ ಬೂಟು ಇಲ್ಲದ್ದೂ ಒಂದು ಕಾರಣ ಅಂತ ಅವನಿಗೆ ಅನ್ನಿಸಿತು. ಅಲ್ಲಿಯವರೆಗೆ ಬೆಟ್ಟ ಹತ್ತುವವರು ಚರ್ಮದ ತಳಕ್ಕೆ ಕಬ್ಬಿಣದ ಮೊಳೆ ಹೊಡೆಸಿಕೊಳ್ಳುತ್ತಿದ್ದರು. 1937ರಲ್ಲಿ ಅವನು ತಂದ ರಬ್ಬರ್ ತಳವೇ ಇವತ್ತು ಎಷ್ಟೋ ಬೂಟುಗಳಲ್ಲಿ ಕಾಣುವ ವಿಬ್ರಮ್ ತಳ. ಹೆಸರಿನಲ್ಲಿ ಅವನೇ ಇದ್ದಾನೆ, ಅಲ್ವಾ?

ಬಳ್ಳಾರಿ ಜಿಲ್ಲೆಯ ಸಂಡೂರಿನ ಕೆಂಪು ಧೂಳಿನ ಕಥೆ ಬೇರೆ. ಕಬ್ಬಿಣದ ಅದಿರಿನ ನುಣ್ಣನೆ ಪುಡಿ ಹೊಲಿಗೆಯ ಸಂದಿಗೆ ಸೇರಿ, ಪ್ರತಿ ಹೆಜ್ಜೆಗೂ ದಾರವನ್ನು ಉಜ್ಜುತ್ತದೆ. ಮೇಲಿಂದ ಏನೂ ಕಾಣುವುದಿಲ್ಲ. ಒಂದು ದಿನ ಹೊಲಿಗೆ ಸಾಲಾಗಿ ಬಿಚ್ಚುತ್ತದೆ. ಅಲ್ಲಿನ ಸ್ವಾಮಿಮಲೆ ಗುಡ್ಡದ ಕಡೆ ಹೋಗಿ ಬಂದ ದಿನವೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿ ಸಂದಿ ತಿಕ್ಕಿ. ನಾಳೆ ಅಂದರೆ ಮರೆತೇ ಹೋಗುತ್ತದೆ.

ರಾಯಚೂರಿನ ಎರೆ ಮಣ್ಣು ಮಳೆಗಾಲದಲ್ಲಿ ಬೂಟಿಗೆ ಎರಡು ಕೆಜಿ ಸೇರಿಸುತ್ತದೆ ಅಂತ ತಮಾಷೆ ಮಾಡುತ್ತೇವೆ. ತಮಾಷೆ ಒಣಗಿದ ಮೇಲೆ ಗೊತ್ತಾಗುತ್ತದೆ. ಜೇಡಿ ಒಣಗುತ್ತಾ ಚರ್ಮದೊಳಗಿನ ತೇವವನ್ನೂ ಎಳೆದುಕೊಳ್ಳುತ್ತದೆ. ಅದನ್ನು ಮೆತ್ತಗಿರುವಾಗಲೇ ನೀರಿನಲ್ಲಿ ತೊಳೆಯಬೇಕು.

ನಡೆದು ಬಂದ ಮೇಲೆ

ಲೇಸ್ ಬಿಚ್ಚಿ, ಒಳಗಿನ ಅಟ್ಟೆ ಹೊರಗೆ ತೆಗೆಯಿರಿ. ಒಣ ಧೂಳು ಬ್ರಷ್ಷಿಗೆ ಹೋಗುತ್ತದೆ, ಕೆಸರಾದರೆ ಬರೀ ನೀರು ಸಾಕು. ಬಟ್ಟೆ ಸೋಪಿನ ಪುಡಿ ಬೇಡ, ಅದು ಚರ್ಮದ ಜಿಡ್ಡನ್ನೂ ತೆಗೆದುಬಿಡುತ್ತದೆ. ಒದ್ದೆಯಾಗಿದ್ದರೆ ಒಳಗೆ ಹಳೆಯ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ಫ್ಯಾನಿನ ಕೆಳಗೆ ನೆರಳಲ್ಲಿ ಇಡಿ. ಒಂದು ರಾತ್ರಿ ಸಾಲದೆ ಹೋಗಬಹುದು, ಎರಡು ದಿನ ಹಿಡಿಯಲಿ.

ದೇವರ ಗುಡ್ಡಗಳಲ್ಲಿ ಒಂದು ಕಾಟ ಇದೆ. ಬೂಟು ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ, ಅದು ಕಾದ ಕಲ್ಲಿನ ಮೇಲೆ ಒಂದು ಗಂಟೆ ಕೂತಿರುತ್ತದೆ. ಕೆಳಗಿನಿಂದ ಕಲ್ಲು, ಮೇಲಿನಿಂದ ಬಿಸಿಲು, ನಡುವೆ ಅಂಟು ಮೆತ್ತಗಾಗುತ್ತದೆ. ಬಟ್ಟೆ ಚೀಲ ಒಯ್ದು ನೆರಳಲ್ಲಿ ಇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯೂ ಇದೇ ಜಾತಿ.

ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಎರಡು ಸಲ, ಚರ್ಮಕ್ಕೆ ಜಿಡ್ಡು ಕೊಡಬೇಕು. ಹದ ಮಾಡುವಾಗ ಚರ್ಮಕ್ಕೆ ಎಣ್ಣೆ ಕುಡಿಸಿರುತ್ತಾರೆ, ನಮ್ಮ ಒಣ ಗಾಳಿಗೆ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಜೇನುಮೇಣ ಇರುವ ಬೂಟಿನ ಮೇಣವನ್ನು ಬೆರಳಿನಿಂದಲೇ ತೆಳುವಾಗಿ ಹಚ್ಚಿ. ಬೆರಳಿನ ಬಿಸಿ ಸಾಕು. ಮಡಿಯುವ ಗೆರೆಗೆ, ಹೊಲಿಗೆಗೆ ಎರಡು ಸಲ. ಅರ್ಧ ಗಂಟೆ ಬಿಟ್ಟು ಬಟ್ಟೆಯಿಂದ ಒರೆಸಿ. ಅಡುಗೆ ಮನೆಯ ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಸುಮ್ನೆ ಬೇಡ. ಕಮಟುತ್ತದೆ, ಧೂಳು ಹಿಡಿಯುತ್ತದೆ. ಮೇಣವೂ ಅತಿಯಾದರೆ ಚರ್ಮ ಜೋತು ಬಿದ್ದು ಪಾದಕ್ಕೆ ಆಸರೆ ತಪ್ಪುತ್ತದೆ. ಮಖಮಲ್ಲಿನಂತಹ ನುಬಕ್ ಚರ್ಮವಾದರೆ ಮೇಣ ಬಿದ್ದ ಕೂಡಲೇ ಕಪ್ಪಾಗುತ್ತದೆ, ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ.

ನಮ್ಮ ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ಆವರಿಕೆ ಗಿಡ ಇದೆಯಲ್ಲ, ಅದರ ತೊಗಟೆಯಿಂದಲೇ ಹಿಂದೆ ತೊಗಲು ಹದ ಮಾಡುತ್ತಿದ್ದರು. ಇವತ್ತಿನ ಬಹುತೇಕ ಬೂಟಿನ ಚರ್ಮ ಕ್ರೋಮಿಯಂ ಲವಣದ ಹದ.

ಹೆಬ್ಬೆರಳ ಪರೀಕ್ಷೆ

ದೊಡ್ಡ ಚಾರಣಕ್ಕೆ ಒಂದು ತಿಂಗಳ ಮುಂಚೆ ಇದನ್ನು ಮಾಡಿ. ತಳದ ಪಕ್ಕದಲ್ಲಿ ಕಾಣುವ ಫೋಮನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿ. ಪುಟಿದು ವಾಪಸ್ ಬಂದರೆ ಸರಿ. ಉಗುರಿಗೆ ಪುಡಿ ಬಂದರೆ, ಸಣ್ಣ ಸೀಳು ಗೆರೆ ಕಂಡರೆ, ಅಂಟಂಟು ಅನ್ನಿಸಿದರೆ ಆ ಬೂಟು ಗುಡ್ಡಕ್ಕೆ ಬೇಡ. ಬೂಟನ್ನು ಮಡಚಿ, ಚರ್ಮ ಮತ್ತು ತಳ ಸೇರುವ ಅಂಚಿನಲ್ಲಿ ಬಾಯಿ ಬಿಡುತ್ತದಾ ನೋಡಿ. ಆಮೇಲೆ ಎರಡು ಗಂಟೆ ಭಾರ ಹೊತ್ತು ಊರ ಹತ್ತಿರವೇ ನಡೆಯಿರಿ. ಹಿಮಾಲಯದ ಕೇದಾರಕಂಠದ ಹಿಮದಲ್ಲಿ ತಳ ಕಳಚುವುದಕ್ಕಿಂತ ಕೊಪ್ಪಳದಲ್ಲಿ ಕಳಚಲಿ, ಆಟೋ ಆದರೂ ಸಿಗುತ್ತದೆ. ಚೀಲದಲ್ಲಿ ಎರಡು ಮೀಟರ್ ನೈಲಾನ್ ದಾರ ಇರಲಿ. ಟವೆಲ್ ಹರಿಯುವ ಕಷ್ಟ ತಪ್ಪುತ್ತದೆ.

ಇಡುವಾಗ ಪೂರ್ತಿ ಒಣಗಿಸಿ, ಗಾಳಿ ಆಡುವ ಕಪಾಟಿನಲ್ಲಿ ಇಡಿ. ಪ್ಲಾಸ್ಟಿಕ್ ಬೇಡವೇ ಬೇಡ. ಎರಡು ವಾರಕ್ಕೊಮ್ಮೆ ಹಾಕಿಕೊಂಡು ಒಂದು ಸುತ್ತು ಬನ್ನಿ.

ತಳ ಹೋದ ಮೇಲೆ

ನನ್ನ ಬೂಟನ್ನು ಮೊದಲು ಅಂಟು ಹಾಕಿ ಕೂರಿಸಲು ನೋಡಿದೆ. ಎರಡು ದಿನ ನಿಲ್ಲಲಿಲ್ಲ. ಫೋಮೇ ಪುಡಿಯಾಗಿರುವಾಗ ಅಂಟು ಹಿಡಿಯುವುದು ಯಾವುದನ್ನು? ಕೊನೆಗೆ ಬಳ್ಳಾರಿಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ಹಳೆಯ ಫೋಮನ್ನೆಲ್ಲ ಕೆರೆದು, ಇವಿಎ ಹಲಗೆ ಕತ್ತರಿಸಿ, ಕೆಳಗೆ ರಬ್ಬರ್ ಕೂರಿಸಿ, ಸುತ್ತಲೂ ಕೈಹೊಲಿಗೆ ಹಾಕಿಕೊಟ್ಟರು. ಹಿಮದ ಮೇಲೆ ನಂಬುವಂಥದ್ದಲ್ಲ, ಮಂಜುಗಡ್ಡೆಯಲ್ಲಿ ಜಾರದಿರಲು ತಳಕ್ಕೆ ಬಿಗಿಯುವ ಲೋಹದ ಮುಳ್ಳು ಪಟ್ಟಿ ಕಟ್ಟುವ ಹಾಗೂ ಇಲ್ಲ. ನಮ್ಮ ಗುಡ್ಡಗಳಿಗೆ ಧಾರಾಳ ಸಾಕು. ಬೂಟು ಕೊಳ್ಳುವಾಗಲೇ ತಳ ಬದಲಿಸಲು ಬರುತ್ತದಾ ಅಂತ ಕೇಳಿ. ಚರ್ಮಕ್ಕೂ ತಳಕ್ಕೂ ನಡುವೆ ಹೊರಗೆ ಕಾಣುವ ಹೊಲಿಗೆ ಇದ್ದರೆ ಕೆಲಸ ಸುಲಭ.

ಮಡಿಕೆಯ ಗೆರೆಯಲ್ಲಿ ಉಗುರು ಹೋಗುವಷ್ಟು ಆಳ ಬಿರುಕು ಬಿದ್ದಾಗ ಮಾತ್ರ ಹೊಸ ತಳಕ್ಕೆ ದುಡ್ಡು ಹಾಕಬೇಡಿ. ಆಗ ಲೇಸ್, ಕೊಕ್ಕೆ, ಒಳ ಅಟ್ಟೆ ಬಿಚ್ಚಿ ತೆಗೆದಿಟ್ಟುಕೊಳ್ಳಿ. ಮುಂದಿನ ಜೋಡಿಗೆ ಬರುತ್ತವೆ.