ಹಳೆಯ ಫೈಲ್ ಇಲ್ಲದ ನಾಯಿ

ಚುಕ್ಕಿ ನಮ್ಮ ಮನೆಗೆ ಬಂದಾಗ ಜೊತೆಗೆ ಬಂದದ್ದು ಒಂದು ಹಗ್ಗ, ಒಂದು ಹಳೆಯ ಟವೆಲ್, ಅರ್ಧ ಪುಟದ ಒಂದು ಚೀಟಿ. ಚೀಟಿಯಲ್ಲಿ ಇದ್ದದ್ದಿಷ್ಟು: ಹೆಣ್ಣು, ಸುಮಾರು ಎರಡು ವರ್ಷ, ಲಸಿಕೆ ಆಗಿದೆ. ಯಾವ ಲಸಿಕೆ, ಯಾವತ್ತು, ಯಾರು ಹಾಕಿದ್ದು, ಏನೂ ಇಲ್ಲ. ನಾನು ದತ್ತು ತಂದ ನಾಯಿಗಳಲ್ಲಿ ಇವಳು ಮೂರನೆಯವಳು. ಮೊದಲಿನ ಎರಡರ ಜೊತೆ ಮಾಡಿದ ತಪ್ಪುಗಳು ಚೆನ್ನಾಗಿ ನೆನಪಿದ್ದವು, ಹಾಗಾಗಿ ಚೀಟಿಯನ್ನು ಮಡಚಿ ಒಳಗಿಟ್ಟು, ಏನೂ ಆಗಿಲ್ಲ ಎಂದುಕೊಂಡೇ ಶುರು ಮಾಡಿದೆ. ಬರೆದುಕೊಟ್ಟವರು ಸುಳ್ಳು ಹೇಳಿದರು ಅಂತಲ್ಲ. ಹತ್ತಾರು ನಾಯಿಗಳನ್ನು ನೋಡಿಕೊಳ್ಳುವ ಕಡೆ ಯಾವುದಕ್ಕೆ ಏನಾಯಿತು ಎನ್ನುವುದು ಕಲಸಿಹೋಗುತ್ತದೆ. ಆದರೆ ದಿನಾಂಕ, ಬಾಟಲಿಯಿಂದ ಕಿತ್ತು ಅಂಟಿಸಿದ ಲೇಬಲ್, ವೈದ್ಯರ ಸಹಿ, ಈ ಮೂರೂ ಇಲ್ಲದ ಲಸಿಕೆ ನನ್ನ ಪಾಲಿಗೆ ಹಾಕದ ಲಸಿಕೆಯೇ. ದೊಡ್ಡ ನಾಯಿಗೆ ಇನ್ನೊಂದು ಸಲ ಹಾಕಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಹಾಕಿಸದೇ ಬಿಟ್ಟರೆ ಇದೆ.

ಹಳೆಯ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಎರಡನೆಯದು ಎರಡೂವರೆ ತಿಂಗಳ ಮರಿ. ತಂದ ದಿನವೇ ಮನೆಯ ಹಿರಿಯ ನಾಯಿಯ ಜೊತೆ ಬಿಟ್ಟುಬಿಟ್ಟೆ. ಎರಡೂ ಆಡುವುದನ್ನು ನೋಡಿ ಖುಷಿಪಟ್ಟೆ, ಫೋಟೊ ತೆಗೆದೆ. ನಾಲ್ಕನೇ ದಿನ ಬೆಳಿಗ್ಗೆ ಮರಿ ವಾಂತಿ ಮಾಡಿತು, ಮಧ್ಯಾಹ್ನದ ಹೊತ್ತಿಗೆ ರಕ್ತಭೇದಿ. ಪಾರ್ವೊ. ಸೋಂಕು ತಗುಲಿ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು, ಅಂದರೆ ಬಹುಶಃ ಮರಿ ಬರುವಾಗಲೇ ಅದನ್ನು ಹೊತ್ತು ತಂದಿತ್ತು. ಆರು ದಿನ ಡ್ರಿಪ್ ಮೇಲಿದ್ದು ಬದುಕಿತು. ಹಿರಿಯ ನಾಯಿಗೆ ಲಸಿಕೆ ಸರಿಯಾಗಿ ಆಗಿದ್ದರಿಂದ ಅದಕ್ಕೇನೂ ಆಗಲಿಲ್ಲ. ಅದರಲ್ಲಿ ನನ್ನ ಜಾಣತನವೇನೂ ಇಲ್ಲ, ಅದೃಷ್ಟ ಅಷ್ಟೇ. 1970ರ ದಶಕದ ಕೊನೆಯವರೆಗೆ ಜಗತ್ತಿಗೆ ಪರಿಚಯವೇ ಇರದಿದ್ದ ಈ ವೈರಸ್ ಈಗ ಎಲ್ಲೆಲ್ಲೂ ಇದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಾಮೂಲಿ ನೆಲ ಒರೆಸುವ ದ್ರಾವಣಗಳಿಗೆಲ್ಲ ಜಗ್ಗುವುದಿಲ್ಲ. ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ, ಮೊದಲೇ ತೊಳೆದ ನೆಲದ ಮೇಲೆ ಹತ್ತು ನಿಮಿಷ ಬಿಟ್ಟರೆ ಸಾಯುತ್ತದೆ. ಕೊಳೆ ಹಾಗೇ ಇದ್ದರೆ ಬ್ಲೀಚ್ ಸುರಿದೂ ಪ್ರಯೋಜನವಿಲ್ಲ.

ಆದ್ದರಿಂದ ಚುಕ್ಕಿಗೆ ಹದಿನಾಲ್ಕು ದಿನ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಹಾಸಿಗೆ. ಅವಳ ಕೋಣೆಗೆ ಹೋಗಲು ನನಗೆ ಒಂದು ಜೊತೆ ಹಳೇ ಚಪ್ಪಲಿ. ಮನೆಯವರಿಗೆ ಇದು ಅತಿಯಾಯಿತು ಅನ್ನಿಸಿತು. ಅನ್ನಿಸಲಿ ಅಂತ ಸುಮ್ಮನಾದೆ.

ತಂದ ದಿನವೇ ಆಸ್ಪತ್ರೆಗೆ ಓಡಬೇಕೇ ಎಂದು ತುಂಬಾ ಜನ ಕೇಳುತ್ತಾರೆ. ಮರಿಯಾದರೆ, ಅಥವಾ ವಾಂತಿ, ಭೇದಿ, ಏದುಸಿರು, ಬಿಳಿಚಿದ ವಸಡು, ಏಳಲಾಗದ ಸುಸ್ತು ಕಂಡರೆ ಒಂದು ಗಂಟೆಯೂ ಕಾಯಬಾರದು. ಉಂಡು, ನೀರು ಕುಡಿದು, ಮೂಲೆಯಲ್ಲಿ ಮುದುಡಿ ಕೂತಿರುವ ದೊಡ್ಡ ನಾಯಿಯಾದರೆ ನಾನು ಎರಡು ದಿನ ಬಿಡುತ್ತೇನೆ. ಗಾಬರಿಯ ಮೇಲೆ ಗಾಬರಿ ಹೇರಿದರೆ ಪರೀಕ್ಷೆಯೂ ಸರಿಯಾಗಿ ಆಗುವುದಿಲ್ಲ: ಎದೆ ಬಡಿತ ಏರಿರುತ್ತದೆ, ಜ್ವರ ಏರಿರುತ್ತದೆ, ಹೊಟ್ಟೆ ಮುಟ್ಟಿದರೆ ಕಲ್ಲಿನಂತೆ ಬಿಗಿಯುತ್ತದೆ.

ಆ ಎರಡು ದಿನ ಸುಮ್ಮನೆ ಕೂರಲಿಲ್ಲ. ನಿದ್ದೆಯಲ್ಲಿದ್ದಾಗ ದೂರದಿಂದಲೇ ಪಕ್ಕೆ ಏರಿಳಿಯುವುದನ್ನು ಎಣಿಸಿದೆ. ನಿಮಿಷಕ್ಕೆ 30ರ ಒಳಗಿರಬೇಕು, ಅವಳದ್ದು 22 ಇತ್ತು. ಎರಡನೇ ಸಂಜೆ ಕೈಯಿಂದ ತಿನ್ನಲು ಶುರು ಮಾಡಿದ ಮೇಲೆ ತುಟಿ ಎತ್ತಿ ವಸಡು ನೋಡಿದೆ. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಗೆ ತಿರುಗಬೇಕು. ತಿರುಗಿತು, ಆದರೆ ಗುಲಾಬಿ ಸ್ವಲ್ಪ ಪೇಲವ. ಗುದದಲ್ಲಿ ಥರ್ಮಾಮೀಟರ್ ಇಡುವ ಸಾಹಸಕ್ಕೆ ಹೋಗಲಿಲ್ಲ. ಪರಿಚಯವಾಗಿ ಎರಡು ದಿನವಾದ ನಾಯಿ ಅದಕ್ಕೆ ಒಪ್ಪುತ್ತದೆ ಎಂದುಕೊಳ್ಳುವುದು ಮೂರ್ಖತನ.

ಮತ್ತೆ ಉಣ್ಣೆಗಳು. ಕಿವಿಯ ಮಡಿಕೆಯಲ್ಲಿ, ಕಾಲ್ಬೆರಳ ಸಂದಿಯಲ್ಲಿ, ಕತ್ತಿನ ಹಗ್ಗದ ಅಡಿಯಲ್ಲಿ. ಮೊದಲ ಸಲ 23 ಸಿಕ್ಕವು. ಚಿಮಟವನ್ನು ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರವಾಗಿ ಎಳೆದು, ಸ್ಪಿರಿಟ್ ಇದ್ದ ಡಬ್ಬಿಗೆ ಹಾಕಿದೆ. ಬೆಂಕಿಕಡ್ಡಿ ತಾಗಿಸುವುದು, ಎಣ್ಣೆ ಹಚ್ಚುವುದು, ಉಗುರಲ್ಲಿ ಹಿಸುಕುವುದು ಇವೆಲ್ಲ ಬೇಡ. ಹಿಸುಕಿದರೆ ಅದರೊಳಗಿನ ರೋಗ ನಮ್ಮ ಕೈಗೂ ಬರಬಹುದು. ಹೊಟ್ಟೆಯ ಬೋಳು ಚರ್ಮದ ಮೇಲೆ ಸಾಸಿವೆಗಿಂತ ಚಿಕ್ಕ ನೇರಳೆ ಚುಕ್ಕೆಗಳು ಕಂಡವು, ಹತ್ತು ಹನ್ನೆರಡು. ಚಿಗಟ ಕಚ್ಚಿದ ಗುರುತು ಎಂದುಕೊಂಡು ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದೆ.

ಮೂರನೇ ದಿನ ಸಂಜೆ, ಜನ ಕಡಿಮೆಯಿರುವ ಹೊತ್ತು ಕೇಳಿಕೊಂಡು ಹೋದೆ. ನಮ್ಮ ಸರದಿ ಬರುವವರೆಗೆ ಹೊರಗೇ ನಿಂತಿದ್ದೆವು. ತೂಕ 11.2 ಕೆಜಿ, ಆ ಎಲುಬಿನ ಹಂದರಕ್ಕೆ ನಾಲ್ಕು ಕೆಜಿಯಾದರೂ ಕಡಿಮೆ. ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್ ಇದೆಯೇ ಎಂದು ಸ್ಕ್ಯಾನರ್ ಆಡಿಸಿದರು. ಇದ್ದಿದ್ದರೆ 15 ಅಂಕಿಯ ಸಂಖ್ಯೆ ಬರಬೇಕಿತ್ತು, ಬರಲಿಲ್ಲ. ಹೆಗಲ ನಡುವೆ ಹಾಕಿದ ಚಿಪ್ ಕೆಲವೊಮ್ಮೆ ಜಾರಿ ಭುಜದ ಕಡೆ ಹೋಗಿರುತ್ತದೆ ಎಂದು ಮೈಯೆಲ್ಲ ಆಡಿಸಿ ನೋಡಿದ್ದು ನನಗೆ ಹಿಡಿಸಿತು. ಹಲ್ಲು ನೋಡಿ ಎರಡಲ್ಲ, ನಾಲ್ಕರ ಹತ್ತಿರ ಇರಬಹುದು ಎಂದರು. ಹಾಲುಹಲ್ಲು ಬಿದ್ದು ಮುಗಿಯುವ ಆರೇಳು ತಿಂಗಳವರೆಗೆ ಹಲ್ಲಿನಿಂದ ವಯಸ್ಸು ಚೆನ್ನಾಗಿ ಹೇಳಬಹುದು, ಆಮೇಲೆ ಅಂದಾಜೇ. ಸಂತಾನಹರಣದ ಗಾಯದ ಗುರುತು ಇರಲಿಲ್ಲ, ಗುರುತಿಗಾಗಿ ಕಿವಿಯ ತುದಿ ಕತ್ತರಿಸಿಯೂ ಇರಲಿಲ್ಲ. ಬೀದಿ ನಾಯಿಗಳಲ್ಲಿ ಸಂಭೋಗದಿಂದ ಹರಡುವ ಒಂದು ಗೆಡ್ಡೆರೋಗ ಇದೆ, ಅದಕ್ಕಾಗಿ ಹಿಂಭಾಗ, ಮೂಗು ಎರಡನ್ನೂ ಪರೀಕ್ಷಿಸಿದರು. ಇರಲಿಲ್ಲ.

ಜ್ವರ 103.6 ಡಿಗ್ರಿ. ನಾಯಿಗೆ 101ರಿಂದ 102.5ರವರೆಗೆ ಮಾಮೂಲು. ಗಾಬರಿಗೆ ಏರಿರಬಹುದು ಎಂದು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದರೂ ಅಷ್ಟೇ ಇತ್ತು. ಆಗ ಡಾಕ್ಟರ್ ಹೊಟ್ಟೆಯ ಆ ಚುಕ್ಕೆಗಳ ಮೇಲೆ ಒಂದು ಗಾಜಿನ ಸ್ಲೈಡ್ ಒತ್ತಿ ನನ್ನನ್ನು ಕರೆದು ತೋರಿಸಿದರು. "ನೋಡಿ, ಒತ್ತಿದರೂ ಮಾಯವಾಗ್ತಿಲ್ಲ. ಇದು ಕಡಿತ ಅಲ್ಲ, ಚರ್ಮದೊಳಗೆ ರಕ್ತ ಜಿನುಗಿರೋದು."

ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 62 ಸಾವಿರ ಬಂತು. ಸಾಮಾನ್ಯವಾಗಿ ಎರಡು ಲಕ್ಷದ ಮೇಲಿರಬೇಕು. ಎರ್ಲಿಕಿಯಾ ಪಾಸಿಟಿವ್, ಉಣ್ಣೆಜ್ವರ. ನಾನು ಹೋಗಿದ್ದೇ ಲಸಿಕೆ ಹಾಕಿಸಲು, ವಾಪಸ್ ಬಂದದ್ದು ಲಸಿಕೆಯಿಲ್ಲದೆ. ಜ್ವರವಿರುವ ಮೈಗೆ ಇವತ್ತು ಚುಚ್ಚುವುದಿಲ್ಲ ಎಂದುಬಿಟ್ಟರು. ಆ ಕ್ಷಣ ನಿರಾಸೆಯಾಯಿತು. ಆದರೆ ಹಟ ಹಿಡಿದು ಲಸಿಕೆ ಹಾಕಿಸಿಕೊಂಡು ಬಂದಿದ್ದರೆ, ಆಮೇಲಿನ ಸುಸ್ತನ್ನೆಲ್ಲ ಚುಚ್ಚುಮದ್ದಿನ ಲೆಕ್ಕಕ್ಕೆ ಹಾಕಿ ಕೂತಿರುತ್ತಿದ್ದೆ. ಉಂಡಾಡಿಕೊಂಡಿರುವ ದತ್ತು ನಾಯಿಗೂ ಮೊದಲ ಭೇಟಿಯಲ್ಲೇ ರಕ್ತ ಪರೀಕ್ಷೆ ಮಾಡಿಸಿ ಎಂದು ನಾನು ಹೇಳುವುದು ಇದಕ್ಕೇ. ಈ ರೋಗ ಮೊದಲ ಜ್ವರ ಇಳಿದ ಮೇಲೆ ಹೊರಗೆ ಏನೂ ತೋರದೆ ತಿಂಗಳು, ಕೆಲವೊಮ್ಮೆ ವರ್ಷಗಟ್ಟಲೆ ಒಳಗೇ ಕೂತಿರುತ್ತದೆ. ಒಂದು ದಿನ ಮೂಗಿನಿಂದ ರಕ್ತ ಸುರಿದಾಗ ಮಜ್ಜೆಯೇ ಕೆಲಸ ನಿಲ್ಲಿಸುವ ಹಂತಕ್ಕೆ ಬಂದಿರಬಹುದು.

ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆ, 28 ದಿನ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಗ್ಯಾರಂಟಿ, ನಾನು ಮೊದಲ ದಿನವೇ ಕೊಟ್ಟು ನೋಡಿದ್ದೇನೆ. ಆಮೇಲೆ ಅರ್ಧ ಊಟ, ಮಾತ್ರೆ, ಮಿಕ್ಕ ಅರ್ಧ ಊಟ, ಮೇಲೊಂದಿಷ್ಟು ನೀರು. ಮೂರು ಉಂಡೆ ಮಾಡಿ ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದನ್ನು ಮೂಗಿನ ಮುಂದೆ ಹಿಡಿದೇ ಇರುವುದು. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತಾಳೆ. ಆರನೇ ದಿನಕ್ಕೆ ಜ್ವರ ಬಿಟ್ಟು, ಬಾಗಿಲು ಕೆರೆಯಲು ಶುರು ಮಾಡಿದಳು. ಮಾತ್ರೆ ನಿಲ್ಲಿಸಿದರೇನು ಅನ್ನಿಸುವುದು ಆಗಲೇ. ನನ್ನ ಮೊದಲ ನಾಯಿಗೆ ಹತ್ತನೇ ದಿನ ನಿಲ್ಲಿಸಿದ್ದೆ, ಎರಡು ತಿಂಗಳಲ್ಲಿ ಜ್ವರ ಮರಳಿ ಬಂದಿತ್ತು. ಈ ಸಲ ಕ್ಯಾಲೆಂಡರಿನಲ್ಲಿ 28 ಚೌಕ ಎಳೆದು ಒಂದೊಂದನ್ನೇ ಹೊಡೆದುಹಾಕಿದೆ. ಗುಣವಾಯಿತೇ ಎಂದು ನೋಡಲು ಅದೇ ಪಾಸಿಟಿವ್ ಪರೀಕ್ಷೆಯನ್ನು ಮತ್ತೆ ಮಾಡಿಸಿ ಹೆದರಬೇಡಿ. ಅದು ಪ್ರತಿಕಾಯ ಹುಡುಕುವ ಪರೀಕ್ಷೆಯಾದರೆ ತಿಂಗಳುಗಳ ಕಾಲ ಪಾಸಿಟಿವ್ ಆಗಿಯೇ ಇರುತ್ತದೆ. ನೋಡಬೇಕಾದದ್ದು ಪ್ಲೇಟ್‌ಲೆಟ್. ಕೋರ್ಸ್ ಮುಗಿದಾಗ ಚುಕ್ಕಿಯದು 2 ಲಕ್ಷ 10 ಸಾವಿರ.

ಸೊರಗಿದ ನಾಯಿ ಕಂಡರೆ ಹೊಟ್ಟೆ ತುಂಬಾ ಹಾಕೋಣ ಅನ್ನಿಸುತ್ತದೆ. ತಡೆದುಕೊಳ್ಳಬೇಕು. ತೀರಾ ಹಸಿದು ಬಂದ ದೇಹಕ್ಕೆ ಒಮ್ಮೆಲೇ ಊಟ ತುಂಬಿದರೆ ರಕ್ತದಲ್ಲಿ ರಂಜಕ, ಪೊಟ್ಯಾಸಿಯಂ ಕುಸಿದು ಜೀವಕ್ಕೇ ಕುತ್ತು ಬರಬಹುದು. ಚುಕ್ಕಿ ಅಷ್ಟು ಹಸಿದವಳಲ್ಲ, ಆದರೂ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ.

ಜಂತುಹುಳುವಿನ ಮಾತ್ರೆ ಒಂದು ಸಲ ಕೊಟ್ಟು ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಮಾತ್ರೆ ಕರುಳಿನಲ್ಲಿರುವ ಬೆಳೆದ ಹುಳುಗಳನ್ನು ಕೊಲ್ಲುತ್ತದೆ, ಮೈಯೊಳಗೆ ಅಲೆಯುತ್ತಿರುವ ಮರಿಹುಳುಗಳು ಆಮೇಲೆ ಬಂದು ಸೇರಿಕೊಳ್ಳುತ್ತವೆ. ಅದಕ್ಕೇ ಎರಡು ಮೂರು ವಾರಕ್ಕೆ ಎರಡನೇ ಡೋಸ್. ಅವಳ ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಸಿಕ್ಕಿತ್ತು. ವಸಡು ಪೇಲವವಾಗಿದ್ದುದರಲ್ಲಿ ಅದರ ಪಾಲೂ ಇತ್ತು. ಬಾಲದಡಿ ಸೌತೆಬೀಜದಂಥ ಬಿಳಿ ತುಂಡುಗಳು ಕಂಡರೆ ಅದು ಲಾಡಿಹುಳು. ಚಿಗಟ ನುಂಗಿ ಬರುವಂಥದ್ದು, ಚಿಗಟ ಹೋಗದೆ ಅದೂ ಹೋಗುವುದಿಲ್ಲ.

ಎರಡನೇ ಭೇಟಿಯಲ್ಲಿ ಅವಳು ನನ್ನ ಮಣಿಕಟ್ಟಿಗೆ ಕಚ್ಚಿದಳು. ರಕ್ತ ತೆಗೆಯುವಾಗ ಸಮಾಧಾನ ಮಾಡುತ್ತೇನೆಂದು ಮುಖದ ಮೇಲೇ ಬಗ್ಗಿದ್ದೆ, ತಪ್ಪು ನನ್ನದು. ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ. ಅಲ್ಲೇ ನಲ್ಲಿಯ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆದೆ. ಗಡಿಯಾರ ನೋಡಿಕೊಂಡು ನಿಂತರೆ 15 ನಿಮಿಷ ಬಹಳ ಉದ್ದ. ಅಲ್ಲಿಂದ ನೇರ ನನ್ನ ಡಾಕ್ಟರ ಹತ್ತಿರ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿಕೊಂಡೆ. ಅವಳಿಗೆ ರೇಬೀಸ್ ಲಸಿಕೆ ಆಗಿದೆ ಎಂಬುದಕ್ಕೆ ನನ್ನ ಬಳಿ ಇದ್ದದ್ದು ಆ ಅರ್ಧ ಪುಟ ಮಾತ್ರ. ಬದುಕಿರುವ ನಾಯಿಯಲ್ಲಿ ರೇಬೀಸ್ ಇಲ್ಲ ಎಂದು ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ, ಲಕ್ಷಣ ಶುರುವಾದ ಮೇಲೆ ಮನುಷ್ಯನಿಗೆ ಮದ್ದೂ ಇಲ್ಲ. ನಾಯಿಯನ್ನು ಹತ್ತು ದಿನ ಗಮನಿಸುವುದು ಸರಿಯೇ. ಆದರೆ ಅದು ಮುಗಿಯಲಿ ಎಂದು ನಮ್ಮ ಚುಚ್ಚುಮದ್ದನ್ನು ಮುಂದೂಡುವ ಹಾಗಿಲ್ಲ.

ಅದಾದ ಮೇಲೆ ಬುಟ್ಟಿಯಾಕಾರದ ಮೂತಿಕಟ್ಟು ತಂದೆ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವಂಥದ್ದು. ಬಾಯಿಯನ್ನು ಬಿಗಿದುಬಿಡುವ ಬಟ್ಟೆಯದ್ದಲ್ಲ. ಮೊದಲ ನಾಲ್ಕು ದಿನ ಅದನ್ನು ಕಟ್ಟಲೇ ಇಲ್ಲ, ತಿನಿಸು ಹಾಕುವ ಬಟ್ಟಲಿನ ಹಾಗೆ ಹಿಡಿದೆ. ಅವಳೇ ಮೂತಿ ತೂರಿಸಿದಳು. ಹತ್ತನೇ ದಿನಕ್ಕೆ ಪಟ್ಟಿ ಹಾಕಿದರೂ ಸುಮ್ಮನಿದ್ದಳು.

ಲಸಿಕೆ ಶುರುವಾದದ್ದು ಐದನೇ ವಾರದಲ್ಲಿ. ಡಿಸ್ಟೆಂಪರ್, ಪಾರ್ವೊ ಎಲ್ಲ ಸೇರಿದ್ದು ಒಂದು, ರೇಬೀಸ್ ಒಂದು, ಇಲಿಜ್ವರದ್ದು ಮೂರು ವಾರದ ಅಂತರದಲ್ಲಿ ಎರಡು. ಮರಿಗಳ ಲೆಕ್ಕ ಬೇರೆ. ತಾಯಿಯಿಂದ ಬಂದ ರಕ್ಷಣೆ ಮೈಯಲ್ಲಿರುವಷ್ಟು ದಿನ ಅದೇ ಲಸಿಕೆಯನ್ನು ಹೊಡೆದುಹಾಕುತ್ತದೆ. ಅದು ಯಾವ ವಾರ ಇಳಿಯುತ್ತದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲವಾದ್ದರಿಂದ 16 ವಾರ ತುಂಬುವವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತಲೇ ಇರಬೇಕು. "ಮೂರು ಆಯ್ತಲ್ಲ, ಸಾಕು" ಎಂದು ಹನ್ನೆರಡನೇ ವಾರಕ್ಕೆ ನಿಲ್ಲಿಸಿದ ಮರಿಗಳೇ ಪಾರ್ವೊಗೆ ಸಿಗುತ್ತವೆ.

ಸಂತಾನಹರಣದ ಶಸ್ತ್ರಚಿಕಿತ್ಸೆಗೆ ನನ್ನದೇ ಅವಸರ ಇತ್ತು, ಡಾಕ್ಟರ್ ಕೇಳಲಿಲ್ಲ. ಪ್ಲೇಟ್‌ಲೆಟ್ ಎರಡು ಸಲ ಸರಿ ಬರಲಿ, ಮೈ ತುಂಬಲಿ ಎಂದರು. ನಾಲ್ಕನೇ ತಿಂಗಳಲ್ಲಿ ಆಯಿತು, ಅದೇ ಅರಿವಳಿಕೆಯಲ್ಲಿ ಮೈಕ್ರೋಚಿಪ್ ಕೂಡ ಹಾಕಿದರು. ಆ ಸಂಜೆ ಅವಳು ಮುಲುಗುವುದನ್ನು ನೋಡಲಾಗದೆ ಮನೆಯಲ್ಲೊಬ್ಬರು ನಮ್ಮ ನೋವಿನ ಮಾತ್ರೆ ಅರ್ಧ ಮುರಿದು ಕೈಯಲ್ಲಿ ಹಿಡಿದಿದ್ದರು. ಕಿತ್ತುಕೊಂಡೆ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಯಕೃತ್ತನ್ನು ಹಾಳು ಮಾಡಬಲ್ಲದು. ಆಸ್ಪತ್ರೆಗೆ ಫೋನ್ ಮಾಡಿದರೆ, ಅವರೇ ಕೊಟ್ಟಿದ್ದ ಔಷಧಿಯ ಮುಂದಿನ ಡೋಸನ್ನು ಎರಡು ಗಂಟೆ ಮೊದಲೇ ಕೊಡಿ ಎಂದರು, ಅಷ್ಟಕ್ಕೇ ಮುಗಿಯಿತು.

ಮೊನ್ನೆ ಹೋದಾಗ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅವಳೇ ತೂಕದ ಯಂತ್ರದ ಮೇಲೆ ಹತ್ತಿ ಕೂತಿದ್ದಳು. ಅಲ್ಲಿ ತಿನಿಸು ಸಿಗುತ್ತದೆ ಎಂಬುದು ಅವಳ ಲೆಕ್ಕ. 15.4. ಇನ್ನೊಂದು ಕೆಲಸ ಬಾಕಿಯಿದೆ. ಸೊಳ್ಳೆಯಿಂದ ಬರುವ ಹೃದಯದ ಹುಳು ಪರೀಕ್ಷೆಗೆ ಸಿಗುವಷ್ಟು ಬೆಳೆಯಲು ಆರು ತಿಂಗಳು ಬೇಕು, ಆದ್ದರಿಂದ ಮೊದಲ ವಾರದ ನೆಗೆಟಿವ್ ಅನ್ನು ಪೂರ್ತಿ ನಂಬುವಂತಿಲ್ಲ. ಎರಡನೇ ಪರೀಕ್ಷೆ ಮುಂದಿನ ತಿಂಗಳು, ದಿನಾಂಕವನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ.